ಮಗಳನ್ನು ಕುದುರೆ ಥೆರಪಿಗೆ ಸೇರಿಸಬಹುದಾ? ಕುದುರೆಗೆ ಅದು ಹಿಂಸೆ ಅಲ್ವಾ?

ಏಳು ವರ್ಷದ ಮಗಳಿಗೆ ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಮೈಯ ಚಲನೆ, ಬ್ಯಾಲೆನ್ಸ್ ಹತೋಟಿಗೆ ಸಿಗದ ಸ್ಥಿತಿ) ಇದೆ, ಕುದುರೆ ಥೆರಪಿಯಿಂದ, ಅಂದರೆ ಕುದುರೆ ಮೇಲೆ ಕೂರಿಸಿ ಕೊಡುವ ಚಿಕಿತ್ಸೆಯಿಂದ, ಏನಾದರೂ ಉಪಯೋಗ ಆಗುತ್ತಾ ಅಂತ ಕೇಳಿದ್ದೀರಿ. ಜೊತೆಗೆ, ಕುದುರೆಗೆ ಹಿಂಸೆ ಆಗುವುದಿಲ್ಲವಾ ಅಂತಲೂ ಕೇಳಿದ್ದೀರಿ. ನಾನು ಫಿಸಿಯೋಥೆರಪಿಸ್ಟ್, ಇಂಥ ಚಿಕಿತ್ಸೆ ಕೊಡುವ ತಂಡದಲ್ಲೇ ಕೆಲಸ ಮಾಡುತ್ತೇನೆ. ಉಪಯೋಗ ಇದೆ. ಹಿಂಸೆ ಆಗಲೇಬೇಕು ಅಂತಿಲ್ಲ, ಆದರೆ ಸರಿಯಾಗಿ ನೋಡಿಕೊಳ್ಳದ ಕಡೆ ಖಂಡಿತ ಆಗುತ್ತದೆ.

ಕುದುರೆ ನಡೆಯುವಾಗ ಅದರ ಬೆನ್ನು ಮೇಲೆ ಕೆಳಗೆ, ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಒಟ್ಟೊಟ್ಟಿಗೇ ಅಲುಗುತ್ತದೆ. ನಾವು ನಡೆಯುವಾಗ ನಮ್ಮ ಸೊಂಟ ಅಲುಗುವುದೂ ಹೆಚ್ಚುಕಡಿಮೆ ಹಾಗೇ. ಸ್ವಂತವಾಗಿ ನಡೆಯಲಾಗದ ಮಗುವಿಗೂ ಆ ಲಯ ಸಿಗುತ್ತದೆ. ಬೀಳದ ಹಾಗೆ ಕೂರಲು ಹೊಟ್ಟೆ, ಬೆನ್ನಿನ ಸ್ನಾಯುಗಳು ಪ್ರತಿ ಹೆಜ್ಜೆಗೂ ದುಡಿಯುತ್ತವೆ. ಬಿಗಿಯಾದ ತೊಡೆ ಸ್ವಲ್ಪ ಸಡಿಲವಾಗುತ್ತದೆ. ಕೂರುವ ರೀತಿ, ಬ್ಯಾಲೆನ್ಸ್ ಸುಧಾರಿಸಬಹುದು. ಕಾಯಿಲೆ ವಾಸಿಯಾಗುವುದಿಲ್ಲ. ಈಗ ಮಾಡಿಸುತ್ತಿರುವ ಫಿಸಿಯೋಥೆರಪಿ ನಿಲ್ಲಿಸಲೂಬೇಡಿ.

ಇದನ್ನು ಪವಾಡ ಅನ್ನುವವರು ಸಾಮಾನ್ಯವಾಗಿ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಹೆಸರು ಹೇಳುತ್ತಾರೆ. 1944ರಲ್ಲಿ ಪೋಲಿಯೋ ಬಂದು ಮೊಣಕಾಲ ಕೆಳಗೆ ಶಕ್ತಿ ಹೋದರೂ, 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕುದುರೆ ಸವಾರಿಯಲ್ಲಿ ಬೆಳ್ಳಿ ಗೆದ್ದವರು. ನಿಜ. ಆದರೆ ಪೋಲಿಯೋ ಬರುವ ಮೊದಲೇ ಅವರು ಪಳಗಿದ ಸವಾರರು, ಅದನ್ನು ಮಾತ್ರ ಯಾರೂ ಹೇಳುವುದಿಲ್ಲ!

ಸೇರಿಸುವ ಮೊದಲು ಡಾಕ್ಟರ ಹತ್ತಿರ ಸೊಂಟದ ಕೀಲು, ಬೆನ್ನುಮೂಳೆ ತೋರಿಸಿ. ಫಿಟ್ಸ್ ಹತೋಟಿಯಲ್ಲಿ ಇಲ್ಲದಿದ್ದರೆ ಸವಾರಿ ಬೇಡ.

ಇನ್ನು ಕುದುರೆ ವಿಷಯ. ಸೆಂಟರ್ ನೋಡಲು ಹೋದಾಗ ಎಲ್ಲರೂ ಮೊದಲು ಸರ್ಟಿಫಿಕೇಟ್ ಕೇಳುತ್ತಾರೆ. ಅದನ್ನೂ ಕೇಳಿ, ಆದರೆ ಮೊದಲು ಲಾಯಕ್ಕೆ ಹೋಗಿ. ಬೆನ್ನು ನೋಯುತ್ತಿರುವ ಕುದುರೆ ಯಾವಾಗ ಗಾಬರಿಯಾಗಿ ಜಿಗಿಯುತ್ತದೋ ಹೇಳಲಾಗದು. ಅದರ ಮೇಲೆ ಕೂರುವುದು ನಿಮ್ಮ ಮಗಳು.

ಕುದುರೆ ಬೇರೆ ಪ್ರಾಣಿಗಳಿಗೆ ಬೇಟೆಯಾಗುವ ಪ್ರಾಣಿ, ಅದಕ್ಕೇ ನೋವನ್ನು ಬಚ್ಚಿಡುತ್ತದೆ. "ನಮ್ಮ ಕುದುರೆ ತುಂಬಾ ಸಾಧು, ಏನು ಮಾಡಿದರೂ ಸುಮ್ನೆ ನಿಂತಿರುತ್ತೆ" ಅಂದರೆ ನನಗೆ ಅನುಮಾನ ಜಾಸ್ತಿ. ನೆಮ್ಮದಿಯಾಗಿರುವ ಕುದುರೆ ಕಿವಿ ತಿರುಗಿಸುತ್ತದೆ, ಸುತ್ತ ನೋಡುತ್ತದೆ, ಬಂದವರನ್ನು ಮೂಸುತ್ತದೆ. ಸೋತು ಸುಮ್ಮನಾದ ಕುದುರೆ ಯಾವುದಕ್ಕೂ ಸ್ಪಂದಿಸದೆ ನಿಂತಿರುತ್ತದೆ. ಮುಖ ನೋಡಿ ನೋವು ಅಳೆಯುವ ಒಂದು ವಿಧಾನವನ್ನೇ ಸಂಶೋಧಕರು 2014ರಲ್ಲಿ ಪ್ರಕಟಿಸಿದ್ದಾರೆ. ಕಿವಿ ಹಿಂದಕ್ಕೆ ಸೆಟೆದಿದೆಯಾ, ಕಣ್ಣಿನ ಮೇಲ್ಭಾಗ ಬಿಗಿದಿದೆಯಾ, ದವಡೆ ಗಟ್ಟಿಯಾಗಿದೆಯಾ, ಮೂಗಿನ ಹೊಳ್ಳೆ ಅಗಲವಾಗಿ ಸೆಳೆದುಕೊಂಡಿದೆಯಾ ಅಂತ ನೀವೂ ನೋಡಬಹುದು. ಜೀನಿನ ಪಟ್ಟಿ ಬಿಗಿಯುವಾಗ ಅಲ್ಲೇ ನಿಂತಿರಿ. ಆಗ ಅದು ಕಚ್ಚಲು ಬಂದರೆ ತುಂಟತನ ಅಂತ ನಗುತ್ತಾರೆ. ಎಷ್ಟೋ ಸಲ ಅದು ಬೆನ್ನು ನೋವು ಅಥವಾ ಹೊಟ್ಟೆಯ ಹುಣ್ಣು.

ಹುಣ್ಣು ಯಾಕೆ ಅಂದರೆ, ಮೇಯದೆ ಇದ್ದಾಗಲೂ ಕುದುರೆಯ ಹೊಟ್ಟೆಯಲ್ಲಿ ಆಸಿಡ್ ಊರುತ್ತಲೇ ಇರುತ್ತದೆ. ಹುಲ್ಲು ಅಗಿದಾಗ ಬರುವ ಜೊಲ್ಲೇ ಅದಕ್ಕೆ ಮದ್ದು. ಗಂಟೆಗಟ್ಟಲೆ ಹುಲ್ಲಿಲ್ಲದೆ ಕಟ್ಟಿಹಾಕಿದರೆ ಹೊಟ್ಟೆ ಹಾಳಾಗುತ್ತದೆ. ದಿನಕ್ಕೆ ತೂಕದ ಶೇಕಡಾ 1.5ರಿಂದ 2ರಷ್ಟು ಒಣಹುಲ್ಲು ಬೇಕು. 400 ಕಿಲೋ ಕುದುರೆಗೆ 6ರಿಂದ 8 ಕಿಲೋ ಆಯಿತು. ಬರೀ ಕಾಳು ತಿನ್ನಿಸಿ "ಚೆನ್ನಾಗಿ ಮೇವು ಹಾಕ್ತೀವಿ" ಅಂದರೆ ಒಪ್ಪಬೇಡಿ.

ಥೆರಪಿ ಇಲ್ಲದ ಹೊತ್ತಲ್ಲಿ ಈ ಕುದುರೆ ಏನು ಮಾಡುತ್ತೆ ಅಂತ ಕೇಳಿ. ಬಯಲಲ್ಲಿ ಬೇರೆ ಕುದುರೆಗಳ ಜೊತೆ ಓಡಾಡುತ್ತದೆ ಅಂದರೆ ಒಳ್ಳೆಯದು. ಗೊರಸು ಆರರಿಂದ ಎಂಟು ವಾರಕ್ಕೊಮ್ಮೆ ಕತ್ತರಿಸುತ್ತಾರಾ? ದಿನಕ್ಕೆ ಎಷ್ಟು ಮಕ್ಕಳನ್ನು ಕೂರಿಸುತ್ತಾರೆ? ಒಂದು ಕಡೆ ವಾಲಿ ಕೂರುವ ಮಗು ಹಗುರವಾಗಿದ್ದರೂ ಕುದುರೆಯ ಬೆನ್ನಿಗೆ ಭಾರ ಜಾಸ್ತಿ ಬೀಳುತ್ತದೆ. ಅದಕ್ಕೇ ನಡುವೆ ಬಿಡುವು ಬೇಕು.

ಮಗಳಿಗೆ ಹೆಲ್ಮೆಟ್ ಕಡ್ಡಾಯ. ಶುರುವಿನಲ್ಲಿ ಕುದುರೆ ಹಿಡಿಯಲು ಒಬ್ಬರು, ಅಕ್ಕಪಕ್ಕ ಇಬ್ಬರು ಇರಬೇಕು.

ಮೊದಲ ದಿನವೇ ಹತ್ತಿಸಲು ಅವಸರ ಮಾಡಬೇಡಿ. ಒಬ್ಬರು ಕುದುರೆ ಹಿಡಿದಿರಲಿ, ಅವಳು ಅದರ ಮೈಗೆ ಬ್ರಷ್ ಮಾಡಲಿ. ಹಣೆಯ ನೇರ ಮುಂದೆ, ಬಾಲದ ನೇರ ಹಿಂದೆ ಕುದುರೆಗೆ ಕಾಣುವುದಿಲ್ಲ. ಆದ್ದರಿಂದ ಭುಜದ ಕಡೆಯಿಂದ, ಮಾತಾಡಿಸುತ್ತಾ ಕರೆದುಕೊಂಡು ಹೋಗಿ.