ಚರಂಡಿಯ ಅಳತೆಗೆ ಯಾವ ಮಳೆಯ ಲೆಕ್ಕ?

ಪ್ರಶ್ನೆ: ಬೆಂಗಳೂರಿನ ನಮ್ಮ ಬಡಾವಣೆಯಲ್ಲಿ ಹೊಸ ಚರಂಡಿ ಆದಮೇಲೂ ಜೋರು ಮಳೆಗೆ ನೀರು ಮನೆಗೆ ನುಗ್ಗುತ್ತದೆ. ದಿನದ ಮಳೆ ಪ್ರಮಾಣ ನೋಡಿಯೇ ಅಳತೆ ಹಾಕಿದ್ದಂತೆ. ಎಡವಿದ್ದೆಲ್ಲಿ?

ಉತ್ತರ: ಬಹುಶಃ ಆ ‘ದಿನದ ಮಳೆ’ಯಲ್ಲೇ. 90 ಮಿ.ಮೀ. ಮಳೆಯನ್ನು 24 ಗಂಟೆಗೆ ಹಂಚಿದರೆ ಗಂಟೆಗೆ 3.75 ಮಿ.ಮೀ.; ಕಾಗದದ ಮೇಲೆ ಬರೀ ಜಿನುಗು. ಗುಡುಗು ಮಳೆ ಅದರ ಬಹುಪಾಲನ್ನು ಒಂದೇ ಗಂಟೆಯಲ್ಲಿ ಸುರಿದುಬಿಡಬಹುದು. ಬೇಕಾದ್ದು 15 ನಿಮಿಷಕ್ಕೊಮ್ಮೆಯ ದಾಖಲೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಟೆಲಿಮೆಟ್ರಿಕ್ (ದಾಖಲೆಯನ್ನು ತಾನೇ ದೂರಕ್ಕೆ ಕಳುಹಿಸುವ) ಮಳೆಮಾಪಕಗಳಲ್ಲಿ ಇದು ಸಿಗುತ್ತದೆ.

ಮೊದಲು, ಬಡಾವಣೆಯ ತುತ್ತತುದಿಯ ನೀರು ಚರಂಡಿಯ ಕೊನೆಗೆ ಬರಲು ಎಷ್ಟು ಹೊತ್ತು ಬೇಕೆಂದು ಅಂದಾಜಿಸಿ. 20 ನಿಮಿಷವಾದರೆ ಅಷ್ಟೇ ಅವಧಿಯ ಮಳೆಯ ತೀವ್ರತೆ ತೆಗೆದುಕೊಳ್ಳಿ. ಅದು 2 ವರ್ಷಕ್ಕೊಮ್ಮೆ ಬರುವ ಮಳೆಯೋ 5 ವರ್ಷಕ್ಕೊಮ್ಮೆಯದೋ ಎಂಬುದು ಮೊದಲೇ ತೀರ್ಮಾನವಾಗಿರಲಿ. ಆಮೇಲೆ ಹರಿವಿನ ಗುಣಾಂಕ (ಬಿದ್ದ ಮಳೆಯಲ್ಲಿ ಇಂಗದೆ ಹರಿದುಬರುವ ಪಾಲು) × ಗಂಟೆಗೆ ಮಿ.ಮೀ. × ಹೆಕ್ಟೇರ್ ÷ 360. ಸಿಗುವ ಉತ್ತರ, ಚರಂಡಿ ಸಾಗಿಸಬೇಕಾದ ನೀರು, ಸೆಕೆಂಡಿಗೆ ಘನ ಮೀಟರ್‌ಗಳಲ್ಲಿ. 20 ಹೆಕ್ಟೇರ್‌ಗೆ ಗಂಟೆಗೆ 90 ಮಿ.ಮೀ. ತೀವ್ರತೆ ಎನ್ನಿ: ಮಣ್ಣು, ಮರ ಇದ್ದ ಕಾಲದ 0.4 ಗುಣಾಂಕಕ್ಕೆ 2 ಘನ ಮೀಟರ್. ಕಾಂಕ್ರೀಟ್ ತುಂಬಿ 0.8 ಆದಾಗ 4. ಹಳೆಯ ನಕ್ಷೆಯ ಗುಣಾಂಕವನ್ನೇ ಇಟ್ಟುಕೊಳ್ಳುವುದು ಎಲ್ಲಕ್ಕಿಂತ ದುಬಾರಿ ತಪ್ಪು.

ಹೂಳನ್ನೂ ನೋಡಿ. 1 ಮೀಟರ್ ಆಳದ ಪೆಟ್ಟಿಗೆ ಚರಂಡಿಯಲ್ಲಿ 30 ಸೆಂ.ಮೀ. ಹೂಳಿದ್ದರೆ ಜಾಗ ಶೇ. 30 ಹೋಯಿತು, ಹರಿವು ಅದಕ್ಕಿಂತಲೂ ಹೆಚ್ಚು ಕುಗ್ಗುತ್ತದೆ. ಅಡ್ಡ ಹಾಯ್ದ ಕೇಬಲ್ ಪೈಪಿಗೆ ಪ್ಲಾಸ್ಟಿಕ್ ಸಿಕ್ಕಿಕೊಂಡರಂತೂ ಕೇಳಲೇಬೇಡಿ.

ಪ್ರಶ್ನೆ: ಹವಾಮಾನ ಮುನ್ಸೂಚನೆ ಇದಕ್ಕೆ ಉಪಯೋಗವಿಲ್ಲವೇ?

ಉತ್ತರ: ಅಳತೆಗೆ ಇಲ್ಲ, ನಿರ್ವಹಣೆಗೆ ಉಂಟು. ರಾಡಾರ್ ನೋಡಿ 2–3 ಗಂಟೆ ಮೊದಲು ಕೊಡುವ ಎಚ್ಚರಿಕೆ ಸಿಕ್ಕರೆ ಅಂಡರ್‌ಪಾಸ್ ಮುಚ್ಚಲು, ಪಂಪು ಸಾಗಿಸಲು, ಜಾಲರಿಯ ಕಸ ತೆಗೆಯಲು ಸಮಯ ಸಾಕು.