ಇಂಟರ್‌ನೆಟ್ ಇಲ್ಲದ ಲ್ಯಾಬ್‌ನಲ್ಲಿ ವೆಬ್ ಪೇಜ್ ಕಲಿಸೋದು ಹೇಗೆ?

ಪ್ರಶ್ನೆ: ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಟೀಚರ್. ಕಂಪ್ಯೂಟರ್ ಟೀಚರ್ ಇಲ್ಲದ್ದರಿಂದ ಒಂಬತ್ತನೇ ತರಗತಿಯ ಕಂಪ್ಯೂಟರ್ ಪಿರಿಯಡ್ ನನ್ನ ತಲೆಗೆ ಬಂದಿದೆ. ಕೆಲಸ ಮಾಡುವ ಸಿಸ್ಟಂ ಎಂಟು, ಮಕ್ಕಳು ನಲವತ್ತು. ಎಂಎಸ್ ಆಫೀಸ್ ಇಲ್ಲ, ಲಿಬ್ರೆ ಆಫೀಸ್ ಇದೆ. ನೆಟ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಆಫೀಸ್ ಜೊತೆಗೆ ವೆಬ್ ಡಿಸೈನ್ ಕೂಡ ಸ್ವಲ್ಪ ಹೇಳಿಕೊಡಿ ಅಂತ ಹೆಡ್‌ಮಾಸ್ಟರ್ ಹೇಳಿದ್ದಾರೆ. ಎಲ್ಲಿಂದ ಶುರು ಮಾಡಲಿ?
(ಹೆಸರು ಬೇಡ, ಶಿರಾ ತಾಲ್ಲೂಕು)

ಉತ್ತರ: ಮೇಡಂ, ನಿಮ್ಮ ಲ್ಯಾಬ್‌ನಲ್ಲಿ ಇರೋದು ಸಾಕು. ಲಿಬ್ರೆ ಆಫೀಸ್ ಪುಕ್ಕಟೆ, ಲೈಸೆನ್ಸ್ ಗೋಜಿಲ್ಲ, ಮೆನು ಕನ್ನಡದಲ್ಲೇ ಬೇಕೆಂದರೂ ಸಿಗುತ್ತದೆ. ಅದರ ರೈಟರ್‌ನಲ್ಲಿ ಕಲಿತ ಹುಡುಗಿ ನಾಳೆ ವರ್ಡ್ ಮುಂದೆ ಕೂತರೆ ಸ್ವಲ್ಪ ಹೊತ್ತು ತಡಕಾಡಬಹುದು, ಅಷ್ಟೇ. ವೆಬ್ ಪೇಜ್ ಮಾಡೋಕಂತೂ ನೆಟ್ ಬೇಕೇ ಇಲ್ಲ. ಅದಕ್ಕೆ ಆಮೇಲೆ ಬರ್ತೀನಿ.

ಮೆನು ಕಲಿಸೋಕೆ ಮಾತ್ರ ಹೋಗಬೇಡಿ. ಫೈಲ್ ಮೆನುವಿನಲ್ಲಿ ಏನೇನಿದೆ, ಎಡಿಟ್ ಮೆನುವಿನಲ್ಲಿ ಏನೇನಿದೆ ಅಂತ ನೋಟ್ಸ್ ಬರೆಸುವ ಪದ್ಧತಿ ಇದೆಯಲ್ಲ, ಅದರಿಂದ ಮಕ್ಕಳ ಕೈಗೆ ಏನೂ ಬರಲ್ಲ. ಯಾರಿಗೋ ನಿಜವಾಗಿ ಬೇಕಾದ ಒಂದು ಕೆಲಸ ಕೊಡಿ. ಶಾಲೆಯಲ್ಲಿ ಕೆಲಸಕ್ಕೆ ಬರವಾ? ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ನೋಟೀಸು, ಪ್ರತಿಭಾ ಕಾರಂಜಿಯ ಪಟ್ಟಿ, ಬಿಸಿಯೂಟದ ಲೆಕ್ಕ.

ಮೊದಲು ನೋಟೀಸು. ಮಕ್ಕಳು ತಲೆಬರಹವನ್ನು ಮಧ್ಯಕ್ಕೆ ತರೋಕೆ ಸ್ಪೇಸ್ ಬಾರ್ ಒತ್ತುತ್ತಾ ಹೋಗ್ತಾರೆ. ಒತ್ತಲಿ, ತಡೀಬೇಡಿ. ಆಮೇಲೆ ಅಕ್ಷರ ದೊಡ್ಡದು ಮಾಡಿ ಅನ್ನಿ. ತಲೆಬರಹ ಬಲಕ್ಕೆ ಸರಿದು ಮುರಿದು ಬೀಳುತ್ತದೆ. ಆಗ ಕಂಟ್ರೋಲ್ ಜೊತೆ ಇ ಒತ್ತೋದು ತೋರಿಸಿ, ಮತ್ತೆ ಯಾರೂ ಸ್ಪೇಸ್ ಬಾರ್ ಹತ್ತಿರ ಹೋಗಲ್ಲ. ಹೊಸ ಪುಟಕ್ಕೆ ಎಂಟರ್ ಮೇಲೆ ಎಂಟರ್ ಹೊಡೆಯೋದೂ ಇದೇ ಜಾತಿ, ಅದಕ್ಕೆ ಕಂಟ್ರೋಲ್ ಎಂಟರ್. ಇಷ್ಟಾದ ಮೇಲೆ ಸ್ಟೈಲ್ಸ್‌ಗೆ ಬನ್ನಿ, ಇಲ್ಲಿ ಆತುರ ಬೇಡ. ಅಕ್ಷರವನ್ನು ದಪ್ಪ ಮಾಡೋದು ಬೇರೆ, "ಇದು ತಲೆಬರಹ" ಅಂತ ಕಂಪ್ಯೂಟರಿಗೆ ಹೇಳೋದು ಬೇರೆ. ಹತ್ತು ತಲೆಬರಹಕ್ಕೂ ಹೆಡಿಂಗ್ 1 ಕೊಟ್ಟು, ಆ ಸ್ಟೈಲ್‌ನ ಬಣ್ಣವನ್ನ ಒಂದು ಕಡೆ ಬದಲಿಸಿದರೆ ಹತ್ತೂ ಬದಲಾಗುತ್ತವೆ. ಈ ಒಂದು ವಿಷಯ ತಲೆಗೆ ಹೋದರೆ ವೆಬ್ ಡಿಸೈನ್ ಅರ್ಧ ಕಲಿಸಿದ ಹಾಗೇ, ಯಾಕಂದರೆ ವೆಬ್ ಪೇಜ್ ಬರೆಯುವ ಭಾಷೆಯಾದ ಎಚ್‌ಟಿಎಂಎಲ್ ಮಾಡೋದೂ ಅದನ್ನೇ: ಯಾವುದು ತಲೆಬರಹ, ಯಾವುದು ಪ್ಯಾರಾ, ಯಾವುದು ಪಟ್ಟಿ ಅಂತ ಹೇಳೋದು. ಅದು ಹೇಗೆ ಕಾಣಬೇಕು ಅನ್ನೋದು ಅದರ ಜೊತೆಗಾರ ಭಾಷೆ ಸಿಎಸ್‌ಎಸ್‌ನ ಪಾಲು.

ಇನ್ನು ಸ್ಪ್ರೆಡ್‌ಶೀಟ್. ನೀವು ಗಣಿತದವರು, ಇದು ನಿಮ್ಮದೇ ಅಂಗಳ. ಪಿಎಂ ಪೋಷಣ್, ಅಂದರೆ ಬಿಸಿಯೂಟ ಯೋಜನೆಯ ಲೆಕ್ಕದಲ್ಲಿ 6ರಿಂದ 8ನೇ ತರಗತಿಯ ಮಗುವಿಗೆ ದಿನಕ್ಕೆ 150 ಗ್ರಾಂ ಧಾನ್ಯ. ನಿಮ್ಮ ಎಂಟನೇ ತರಗತಿಯ ಹಾಜರಿ ತಗೊಳ್ಳಿ. ಎ ಕಾಲಂನಲ್ಲಿ ತಾರೀಕು, ಬಿಯಲ್ಲಿ ಹಾಜರಿ, ಸಿಯಲ್ಲಿ ಎಷ್ಟು ಕೆಜಿ ಅಂತ. ಇ1 ಸೆಲ್‌ನಲ್ಲಿ ಒಂಟಿಯಾಗಿ 0.15. ಈಗ ಸಿ2ರಲ್ಲಿ ಬಿ2 ಗುಣಿಸು ಇ1. 42 ಮಕ್ಕಳಿಗೆ 6.3 ಕೆಜಿ, ಸರಿ ಬಂತು. ಇದನ್ನ ಕೆಳಗೆ ಎಳೆಯಿರಿ ಅನ್ನಿ. ಎರಡನೇ ದಿನದಿಂದ ಎಲ್ಲ ಸೊನ್ನೆ! ಮಕ್ಕಳು ಕೂಗಿಕೊಳ್ತಾರೆ, ಊಟಾನೇ ಇಲ್ಲ ಮಿಸ್ ಅಂತ. ಉತ್ತರ ಹೇಳಬೇಡಿ, ಸೊನ್ನೆ ಬಂದ ಸೆಲ್ ಮೇಲೆ ಕ್ಲಿಕ್ ಮಾಡಿ ಸೂತ್ರ ಓದಿಸಿ. ಬಿ3 ಗುಣಿಸು ಇ2 ಅಂತಿರುತ್ತದೆ. ಕೆಳಗೆ ಎಳೆದಾಗ ಇ1 ಕೂಡ ಒಂದು ಹೆಜ್ಜೆ ಇಳಿದು ಖಾಲಿ ಸೆಲ್‌ಗೆ ಹೋಗಿದೆ ಅಂತ ಯಾರಾದರೂ ಒಬ್ಬರು ಹಿಡೀತಾರೆ. ಆಗ ಡಾಲರ್ ಗುರುತು ಹಾಕಿ ಅದನ್ನ ಕಟ್ಟಿಹಾಕೋದು ತೋರಿಸಿ. ಸೂತ್ರದಲ್ಲಿ ಇ1 ಮೇಲೆ ಕರ್ಸರ್ ಇಟ್ಟು ಎಫ್4 ಒತ್ತಿದರೆ ಆಯ್ತು. ಜೊತೆಗೆ ಇನ್ನೊಂದು ಎಡವಟ್ಟನ್ನೂ ಬೇಕಂತಲೇ ಮಾಡಿಸಿ: ಹಾಜರಿ ಸೆಲ್‌ನಲ್ಲಿ 42 ಬದಲು "42 ಜನ" ಅಂತ ಬರೆಸಿ. ಲೆಕ್ಕದ ಜಾಗದಲ್ಲಿ ಎರರ್ ಬರುತ್ತದೆ. ಸುಮ್ನೆ ಬಿಟ್ಟರೆ ಅಂಕಿ ಬಲಕ್ಕೆ ಅಂಟುತ್ತದೆ, ಅಕ್ಷರ ಎಡಕ್ಕೆ. ಇದು ಗೊತ್ತಿದ್ದರೆ ತಪ್ಪು ಎಲ್ಲಿದೆ ಅಂತ ಕಣ್ಣಲ್ಲೇ ಸಿಗುತ್ತದೆ.

ಪ್ರೆಸೆಂಟೇಷನ್‌ಗೆ ಜಾಸ್ತಿ ಸಮಯ ಕೊಡಬೇಡಿ. ಅಕ್ಷರ ಹಾರಿ ಬರೋದು, ತಿರುಗೋದು ಎಲ್ಲ ಮಕ್ಕಳು ತಾವೇ ಕಲಿತುಬಿಡ್ತಾರೆ, ಬೇಡ ಅಂದರೂ.

ವೆಬ್ ಪೇಜ್‌ಗೆ ಬೇಕಾಗಿರೋದು ಎರಡೇ: ನೋಟ್‌ಪ್ಯಾಡ್ ಥರದ ಒಂದು ಎಡಿಟರ್, ಮತ್ತೆ ಯಾವುದಾದರೂ ಬ್ರೌಸರ್. ನೋಟ್‌ಪ್ಯಾಡ್‌ನಲ್ಲಿ ಬರೆದು ಸೇವ್ ಮಾಡಿ, ಡಬಲ್ ಕ್ಲಿಕ್ ಮಾಡಿದರೆ ಪೇಜ್ ತೆರೆಯುತ್ತದೆ. ಎಳೆದು ತಂದು ಜೋಡಿಸುವ ರೆಡಿಮೇಡ್ ಸೈಟ್‌ಗಳಿಗೆ ನೆಟ್ ಬೇಕು, ಇಮೇಲ್ ಬೇಕು, ಅಕೌಂಟ್ ಬೇಕು. ನಲವತ್ತು ಮಕ್ಕಳ ಪಾಸ್‌ವರ್ಡ್ ನೆನಪಿಟ್ಟುಕೊಳ್ಳೋದರಲ್ಲೇ ನಿಮ್ಮ ವರ್ಷ ಮುಗಿಯುತ್ತದೆ.

ಇಲ್ಲಿ ಎರಡು ಕಡೆ ಎಲ್ಲರೂ ಮುಗ್ಗರಿಸ್ತಾರೆ. ಒಂದು, ವಿಂಡೋಸ್ ಫೈಲ್ ಹೆಸರಿನ ಬಾಲವನ್ನ ಮುಚ್ಚಿಟ್ಟಿರುತ್ತದೆ. ಮಗು ಎಚ್‌ಟಿಎಂಎಲ್ ಅಂತಲೇ ಸೇವ್ ಮಾಡಿದ್ದರೂ ಕೊನೆಗೆ ಗುಟ್ಟಾಗಿ ಡಾಟ್ ಟಿಎಕ್ಸ್‌ಟಿ ಸೇರಿಕೊಂಡು, ಡಬಲ್ ಕ್ಲಿಕ್ ಮಾಡಿದರೆ ಮತ್ತೆ ನೋಟ್‌ಪ್ಯಾಡೇ ತೆರೆಯುತ್ತದೆ. ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿಗೆ ಹೋಗಿ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಆನ್ ಮಾಡಿಬಿಡಿ, ಸೇವ್ ಮಾಡುವಾಗ ಆಲ್ ಫೈಲ್ಸ್ ಆರಿಸಿ. ಎರಡನೇದು ಫೋಟೋ. ಸಿ ಡ್ರೈವ್‌ನ ಪೂರ್ತಿ ವಿಳಾಸ ಬರೆದಿದ್ದರೆ ಆ ಸಿಸ್ಟಂನಲ್ಲಿ ಚೆನ್ನಾಗಿ ಕಾಣುತ್ತದೆ, ಪೆನ್‌ಡ್ರೈವ್‌ಗೆ ಹಾಕಿ ಪಕ್ಕದ ಸಿಸ್ಟಂಗೆ ಒಯ್ದರೆ ಫೋಟೋ ಮಾಯ. ಫೋಟೋ, ಪೇಜ್ ಎರಡನ್ನೂ ಒಂದೇ ಫೋಲ್ಡರ್‌ನಲ್ಲಿಟ್ಟು ಬರೀ ಫೈಲ್ ಹೆಸರು ಬರೆಸಿ. ಹೆಸರು ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿರಲಿ, ನಡುವೆ ಜಾಗ ಬೇಡ.

ಪೇಜ್ ಯಾವುದರ ಮೇಲೆ? "ನನ್ನ ಬಗ್ಗೆ" ಅಂತ ಮಾಡಿಸೋದು ಬೇಡ. ಮಕ್ಕಳ ಫೋಟೋ, ಅಪ್ಪನ ಫೋನ್ ನಂಬರ್ ಎಲ್ಲ ಅದರಲ್ಲಿ ಬಂದುಬಿಡುತ್ತವೆ. ಮುಂದೆ ಅದನ್ನ ನೆಟ್‌ಗೆ ಹಾಕೋ ಮನಸ್ಸಾದರೆ ತಲೆನೋವು. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯ್ದೆ 18 ತುಂಬದವರ ಮಾಹಿತಿಗೆ ಪೋಷಕರ ಒಪ್ಪಿಗೆ ಕೇಳುತ್ತದೆ. ಅದರ ಬದಲು ನಿಮ್ಮೂರಿನ ಬಸ್ ಟೈಮಿಂಗ್ ಮಾಡಿಸಿ. ಬಸ್ ಸ್ಟ್ಯಾಂಡಿಗೆ ಹೋಗಿ ಕೇಳಿ ಬರೆದುಕೊಂಡು ಬರಬೇಕು, ಟೇಬಲ್ ಟ್ಯಾಗ್ (ಇಲ್ಲಿ ಟೇಬಲ್ ಇದೆ ಅಂತ ಬ್ರೌಸರ್‌ಗೆ ಹೇಳುವ ಎಚ್‌ಟಿಎಂಎಲ್ ಗುರುತು) ಕಲಿಯಲೇಬೇಕಾಗುತ್ತದೆ, ಒಂದು ಬಸ್ಸು ತಪ್ಪಿದರೂ ಊರವರೇ ಹಿಡಿದು ಹೇಳ್ತಾರೆ.

ಒಂದು ಸಿಸ್ಟಂಗೆ ಐದು ಮಕ್ಕಳು ಅಂದರೆ ಒಬ್ಬ ಮೌಸ್ ಹಿಡಿದರೆ ಬಿಡಲ್ಲ, ಅಲ್ವಾ? ಇಬ್ಬರು ಮಾತ್ರ ಪರದೆ ಮುಂದೆ ಕೂರಲಿ, ಮೂವರು ಹಾಳೆ ಮೇಲೆ ಪೇಜ್‌ನ ನಕ್ಷೆ ಬರೆಯಲಿ: ತಲೆಬರಹ ಎಲ್ಲಿ, ಟೇಬಲ್ ಎಲ್ಲಿ. ಅರ್ಧ ಪಿರಿಯಡ್‌ಗೆ ಅದಲು ಬದಲು. ಹಿಂದಿನ ವಾರ ಟೈಪ್ ಮಾಡದವರು ಈ ವಾರ ಮೊದಲು ಕೂರೋದು ಅಂತ ನಿಯಮ ಮಾಡಿ. ಹುಡುಗಿಯರು ಹಿಂದೆ ನಿಂತು ನೋಡುತ್ತಾ ಉಳಿದುಬಿಡ್ತಾರೆ, ಆ ಕಡೆ ಒಂದು ಕಣ್ಣಿರಲಿ.

ಪ್ರಶ್ನೆ: ಮಗಳು ಒಂಬತ್ತನೇ ಕ್ಲಾಸ್. ಪರೀಕ್ಷೆಗೆ ಫಾಂಟ್ ಟ್ಯಾಗ್, ಸೆಂಟರ್ ಟ್ಯಾಗ್, ಮಾರ್ಕ್ಯೂ ಟ್ಯಾಗ್ ಉರು ಹೊಡೀತಿದ್ದಾಳೆ. ಈಗಲೂ ಇವು ಬಳಕೆಯಲ್ಲಿವೆಯಾ? ಎಐ ಇರುವಾಗ ಇದೆಲ್ಲ ಯಾಕೆ?
(ಒಬ್ಬ ತಂದೆ, ದಾವಣಗೆರೆ)

ಉತ್ತರ: ಆ ಮೂರೂ ಹಳೇ ಕಾಲದವು. 2014ರಲ್ಲಿ ಅಂತಿಮಗೊಂಡ ಎಚ್‌ಟಿಎಂಎಲ್5 ಅವನ್ನ ಬಳಸಬೇಡಿ ಅನ್ನುತ್ತದೆ. ಹಳೇ ಪೇಜ್‌ಗಳು ಕೆಡದಿರಲಿ ಅಂತ ಬ್ರೌಸರ್‌ಗಳು ಇನ್ನೂ ತೋರಿಸುತ್ತವೆ, ಅಷ್ಟೇ. ಮಾರ್ಕ್ಸ್‌ಗೆ ಬೇಕಾದರೆ ಪರೀಕ್ಷೆಯಲ್ಲಿ ಬರೆಯಲಿ, ಜಗಳ ಬೇಡ. ಮನೆಯಲ್ಲಿ ಬಣ್ಣ, ಜೋಡಣೆಯನ್ನ ಸಿಎಸ್‌ಎಸ್‌ನಲ್ಲಿ ಮಾಡಲಿ. ಎಐ ಒಂದು ನಿಮಿಷದಲ್ಲಿ ಪೇಜ್ ಬರೆದುಕೊಡುತ್ತದೆ, ಸರಿ. ಆ ಪೇಜ್ ಮೊಬೈಲ್‌ನಲ್ಲಿ ತೆರೆದಾಗ ಟೇಬಲ್ ಅಂಚು ದಾಟಿ ಹೊರಗೆ ಹೋದರೆ ಯಾವ ಸಾಲು ಮುಟ್ಟಬೇಕು ಅಂತ ಗೊತ್ತಿರಬೇಕಲ್ಲ, ಅದಕ್ಕೆ.

ಪ್ರಶ್ನೆ: ನಮ್ಮ ಶಾಲೆ ಬಗ್ಗೆ ವೆಬ್ ಪೇಜ್ ಮಾಡಿದೆ ಸರ್. ಕನ್ನಡ ಟೈಪಿಂಗ್ ತಂತ್ರಾಂಶ ನುಡಿಯಲ್ಲಿ ಟೈಪ್ ಮಾಡಿದ್ದನ್ನ ಅಂಟಿಸಿದರೆ ಕನ್ನಡ ಬರದೆ ಏನೇನೋ ಇಂಗ್ಲಿಷ್ ಅಕ್ಷರ ಬರ್ತಿವೆ. ಏನು ಮಾಡಲಿ?
(ಹತ್ತನೇ ತರಗತಿ ವಿದ್ಯಾರ್ಥಿ, ಸಾಗರ)

ಉತ್ತರ: ನೋಡಪ್ಪಾ, ನೀನು ಟೈಪ್ ಮಾಡಿದ್ದು ನುಡಿಯ ಹಳೇ ಆಸ್ಕಿ ವಿಧಾನದಲ್ಲಿ. ಅದರಲ್ಲಿ ಒಳಗಿರೋದು ಇಂಗ್ಲಿಷ್ ಅಕ್ಷರಗಳೇ, ನುಡಿ ಫಾಂಟ್ ಅದರ ಮೇಲೆ ಕನ್ನಡದ ರೂಪ ತೊಡಿಸುತ್ತದೆ. ಬ್ರೌಸರ್‌ನಲ್ಲಿ ಆ ಫಾಂಟ್ ಇಲ್ಲ, ವೇಷ ಕಳಚಿತು. ನುಡಿಯಲ್ಲೇ ಯೂನಿಕೋಡ್ (ಕನ್ನಡ ಅಕ್ಷರಗಳಿಗೇ ಸ್ವಂತ ಸಂಕೇತ ಇರುವ ವಿಧಾನ) ಆಯ್ಕೆ ಇದೆ, ಅದಕ್ಕೆ ಬದಲಿಸಿಕೋ. ಕೀಲಿಗಳು ಬದಲಾಗಲ್ಲ, ಕೆ.ಪಿ. ರಾವ್ ಅವರು ರೂಪಿಸಿದ ಅದೇ ವಿನ್ಯಾಸ, ಒತ್ತಕ್ಷರಕ್ಕೆ ಅದೇ ಎಫ್ ಕೀಲಿ. ನೋಟ್‌ಪ್ಯಾಡ್‌ನಲ್ಲಿ ಸೇವ್ ಮಾಡುವಾಗ ಎನ್‌ಕೋಡಿಂಗ್ ಯುಟಿಎಫ್-8 (ಯೂನಿಕೋಡ್ ಅಕ್ಷರಗಳನ್ನ ಫೈಲ್‌ನಲ್ಲಿ ಉಳಿಸುವ ರೀತಿ) ಇರಲಿ, ಪೇಜ್‌ನ ಹೆಡ್ ಭಾಗದಲ್ಲಿ ಮೆಟಾ ಟ್ಯಾಗ್ ಹಾಕಿ ಅದನ್ನೇ ಹೇಳು.

ಈಗಾಗಲೇ ಟೈಪ್ ಮಾಡಿರೋದನ್ನ ಕನ್ವರ್ಟರ್‌ಗೆ ಹಾಕಿ ಬದಲಿಸಬಹುದು. ಆದರೆ ಬದಲಿಸಿದ ಮೇಲೆ ಪೂರ್ತಿ ಒಮ್ಮೆ ಓದು, ಅರ್ಕಾವೊತ್ತು ಇರುವ ಪದಗಳನ್ನ ಇನ್ನೊಮ್ಮೆ ನೋಡು. ಹಳೇ ವಿಧಾನದಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು, ಕನ್ವರ್ಟರ್ ಅಲ್ಲೇ ಎಡವೋದು. ಶಾಲೆ ಹೆಸರಿನಲ್ಲಿ "ಸರ್ಕಾರಿ" ಅಂತ ಇದ್ದರೆ ಅದರಿಂದಲೇ ಶುರು ಮಾಡು.