ವಿಡಿಯೋ ಹಾಕಿದ್ಮೇಲೂ ಪೇಟೆಂಟ್ ಸಿಗತ್ತಾ? ಓದುಗರ ಪ್ರಶ್ನೆಗಳಿಗೆ ಪೇಟೆಂಟ್ ಏಜೆಂಟ್ ಉತ್ತರ

ಪ್ರಶ್ನೆ: ಸರ್, ನಂದು ತೀರ್ಥಹಳ್ಳಿ ಹತ್ರ ಸಣ್ಣ ವೆಲ್ಡಿಂಗ್ ವರ್ಕ್‌ಶಾಪ್. ಹಸಿ ಅಡಿಕೆ ಸುಲಿಯೋ ಮಷಿನ್ ಮಾಡಿದೀನಿ, ಕಾಯಿ ಸಣ್ಣದಿರ್ಲಿ ದೊಡ್ಡದಿರ್ಲಿ ಬ್ಲೇಡ್ ಗ್ಯಾಪ್ ತಾನೇ ಹೊಂದ್ಕೊಳ್ಳತ್ತೆ, ಒಳಗಿನ ಅಡಿಕೆಗೆ ಗಾಯ ಆಗಲ್ಲ. ಎರಡು ತಿಂಗಳ ಹಿಂದೆ ಯೂಟ್ಯೂಬಲ್ಲಿ ವಿಡಿಯೋ ಹಾಕಿದ್ದೆ. ಈಗ ಪೇಟೆಂಟ್ ಮಾಡಿಸ್ಬಹುದಾ?

ಉತ್ತರ: ಬೇಜಾರಿನ ವಿಷ್ಯ ಮೊದ್ಲು ಹೇಳ್ಬಿಡ್ತೀನಿ. ಅರ್ಜಿ ಹಾಕೋ ದಿನಕ್ಕೆ ನಿಮ್ಮ ಮಷಿನ್ ಜಗತ್ತಿಗೆ ಹೊಸದಾಗಿರ್ಬೇಕು, ಅದನ್ನ ಹಳೇದು ಮಾಡಿದ್ದು ನೀವೇ ಆದ್ರೂ ಪೇಟೆಂಟ್ ಆಫೀಸ್‌ನೋರಿಗೆ ಒಂದೇ. ತುಂಬಾ ಜನ "ನಂದೇ ವಿಡಿಯೋ ತಾನೇ ಸರ್" ಅಂತಾರೆ, ಹೌದು, ಆದ್ರೆ ಅದು ನಿಮಗೇ ಅಡ್ಡ ಬರತ್ತೆ.

ಹಾಗಂತ ಪೂರ್ತಿ ಕೈಬಿಡ್ಬೇಡಿ. ಆ ವಿಡಿಯೋನ ಇನ್ನೊಂದ್ಸಲ ಕೂತು ನೋಡಿ. ಮೇಲಿಂದ ಕಾಯಿ ಸುರಿಯೋದು, ಕೆಳಗಿಂದ ಸುಲಿದ ಅಡಿಕೆ ಬೀಳೋದು, ಅಷ್ಟೇ ಕಾಣತ್ತಾ? ಇಲ್ಲಾ ಮುಚ್ಚಳ ತೆಗ್ದು ಸ್ಪ್ರಿಂಗ್ ಎಲ್ಲಿದೆ, ಬ್ಲೇಡ್ ಹೇಗೆ ಹಿಂದೆ ಸರಿಯತ್ತೆ ಅಂತ ತೋರ್ಸಿದೀರಾ? ಒಳಗಿನ ಕೆಲ್ಸ ಗೊತ್ತಾಗದಿದ್ರೆ ವಾದ ಮಾಡೋಕೆ ಜಾಗ ಇದೆ, ಬೇರೆ ವರ್ಕ್‌ಶಾಪ್‌ನೋರು ಅದನ್ನ ನೋಡಿ ಮಷಿನ್ ಮಾಡೋಷ್ಟು ತೋರ್ಸಿದ್ರೆ ಆ ಭಾಗ ಕಷ್ಟ. ಈಗ ಡಿಲೀಟ್ ಮಾಡಿದ್ರೆ ಸರಿಹೋಗಲ್ಲ. ಮತ್ತೆ ವಿಡಿಯೋ ನೋಡಿ ಯಾರಿಗಾದ್ರೂ ಒಂದೆರಡು ಮಷಿನ್ ಮಾರಿದೀರಾ? ಅದನ್ನೂ ಏಜೆಂಟ್ ಹತ್ರ ಮುಚ್ಚಿಡ್ದೆ ಹೇಳಿ.

ಬಹಿರಂಗ ಆದ್ಮೇಲೂ ಅರ್ಜಿ ಹಾಕೋಕೆ 12 ತಿಂಗಳ ರಿಯಾಯ್ತಿ ಇದ್ಯಂತಲ್ಲ ಅಂತ ಕೆಲವ್ರು ಕೇಳ್ತಾರೆ. ಇದೆ, ಪೇಟೆಂಟ್ ಕಾಯ್ದೆಯ 31ನೇ ಸೆಕ್ಷನ್. ಆದ್ರೆ ಅದು ಸರ್ಕಾರ ಗೆಜೆಟ್‌ನಲ್ಲಿ ಹೆಸರಿಸಿದ ಎಕ್ಸಿಬಿಷನ್‌ಗೆ, ವಿದ್ವತ್ ಸಭೇಲಿ ಓದಿದ ಪೇಪರ್‌ಗೆ, ಇಂಥವಕ್ಕೆ ಮಾತ್ರ, ಊರ ಕೃಷಿ ಮೇಳದ ಸ್ಟಾಲ್‌ಗೂ ಯೂಟ್ಯೂಬ್‌ಗೂ ಅನ್ವಯ ಆಗತ್ತೆ ಅಂತ ನಂಬ್ಕೊಂಡು ಕೂರ್ಬೇಡಿ. ತೋಟದಲ್ಲಿ ಟ್ರಯಲ್ ಮಾಡಿದ್ದು ಬೇರೆ ಮಾತು, ಬಯಲಲ್ಲೇ ಓಡ್ಸಿ ನೋಡ್ಬೇಕಾದಂಥ ಮಷಿನ್ ಆದ್ರೆ ಅರ್ಜಿಗೆ ಹಿಂದಿನ ಒಂದು ವರ್ಷದೊಳಗೆ ಮಾಡಿದ ಪ್ರಾಮಾಣಿಕ ಟ್ರಯಲ್‌ನಿಂದ ಹಕ್ಕು ಹೋಗಲ್ಲ.

ಇನ್ನು ಮಷಿನ್ ವಿಷ್ಯ. ಅಡಿಕೆ ಸುಲಿಯೋ ಮಷಿನ್ ಅನ್ನೋದು ನಮ್ಮ ಮಲೆನಾಡಿಗೆ ಹೊಸದಲ್ಲ, ಹಾಗಾಗಿ ಬರೀ "ಸುಲಿಯೋ ಮಷಿನ್" ಅಂತ ಬರೆದ್ರೆ ಬಾಗಿಲಲ್ಲೇ ವಾಪಸ್. 1978ರಲ್ಲಿ ಸುಪ್ರೀಂ ಕೋರ್ಟಿಗೆ ಮಿರ್ಜಾಪುರದ ಪಾತ್ರೆ ಕೇಸ್ ಒಂದು ಬಂದಿತ್ತು, ಬಿಶ್ವನಾಥ್ ಪ್ರಸಾದ್ ರಾಧೇಶ್ಯಾಮ್ ಕೇಸ್ ಅಂತಾರೆ. ಹಿತ್ತಾಳೆ ಪಾತ್ರೇನ ಲೇತ್‌ಗೆ ಹಿಡ್ಸಿ ಹೆರೆಯುವಾಗ ಅಲ್ಲಾಡ್ದೆ ಇರೋಕೆ ಒಂದು ವ್ಯವಸ್ಥೆ, ಅದಕ್ಕೆ ಪೇಟೆಂಟ್ ತಗೊಂಡಿದ್ರು. ಕೋರ್ಟು, ಇದು ದಶಕಗಳಿಂದ ಗೊತ್ತಿರೋದೇ, ವರ್ಕ್‌ಶಾಪ್‌ನೋನು ಮಾಡ್ಕೊಳ್ಳೋ ಸಣ್ಣ ಸುಧಾರಣೆ, ಪೇಟೆಂಟ್ ನಿಲ್ಲಲ್ಲ ಅಂತು. ನಿಮಗೂ ಇದೇ ಪ್ರಶ್ನೆ ಬರತ್ತೆ: ಇಲ್ಲಿ ಸ್ಪ್ರಿಂಗ್ ಹಾಕೋದು ಯಾವ ಮೆಕ್ಯಾನಿಕ್‌ಗಾದ್ರೂ ಹೊಳೀತಿತ್ತಾ, ಇಲ್ವಾ?

ಹೊಳೀತಿರ್ಲಿಲ್ಲ ಅನ್ನೋ ಧೈರ್ಯ ಇದ್ರೆ ಕ್ಲೇಮ್, ಅಂದ್ರೆ ಯಾವುದರ ಮೇಲೆ ನಿಮಗೆ ಹಕ್ಕು ಬೇಕು ಅಂತ ಹೇಳೋ ಸಾಲು, ಬರೆಯೋದ್ರಲ್ಲಿ ಹುಷಾರು. ನನ್ನ ಹತ್ರ ಬಂದಿದ್ದ ಒಬ್ರು ಸ್ವಂತ ಬರೆದಿದ್ದ ಡ್ರಾಫ್ಟ್‌ನಲ್ಲಿ "ಆರು ಬ್ಲೇಡು, 4 ಮಿಲಿಮೀಟರ್ ಸ್ಟೀಲ್ ಸ್ಪ್ರಿಂಗು" ಅಂತ ಇತ್ತು. ಪಕ್ಕದ ಊರೋನು ಐದು ಬ್ಲೇಡ್ ಹಾಕಿ, ಸ್ಪ್ರಿಂಗ್ ಬದ್ಲು ರಬ್ಬರ್ ಬುಷ್ ಹಾಕಿದ್ರೆ ಏನ್ಮಾಡ್ತೀರಾ ಅಂದೆ, ಸುಮ್ನಾದ್ರು. "ಕಾಯಿಯ ಒತ್ತಡಕ್ಕೆ ಹಿಂದೆ ಸರಿದು ಮತ್ತೆ ಮೊದಲಿನ ಜಾಗಕ್ಕೆ ಬರೋ ಬ್ಲೇಡ್ ಹಿಡಿಕೆ" ಅಂತ ಮೊದಲ ಕ್ಲೇಮ್ ಇರ್ಲಿ, ಸ್ಪ್ರಿಂಗು ಅಳತೆ ಎಲ್ಲಾ ಅದರ ಕೆಳಗಿನ ಕ್ಲೇಮ್‌ಗಳಲ್ಲಿ ಬರ್ಲಿ.

ಪ್ರಶ್ನೆ: ಐಡಿಯಾ ಬರೆದು ನನ್ನ ಅಡ್ರೆಸ್‌ಗೇ ರಿಜಿಸ್ಟರ್ಡ್ ಪೋಸ್ಟ್ ಮಾಡಿ, ಕವರ್ ಒಡೀದೆ ಇಟ್ಕೊಂಡಿದೀನಿ. ಸಾಕಾ? ಪೇಟೆಂಟ್‌ಗೆ ಲಕ್ಷಗಟ್ಲೆ ಆಗತ್ತಂತೆ.

ಉತ್ತರ: ಕವರ್ ಒಡೆದು ಓದ್ಕೊಳಿ, ಅದರಿಂದ ಪೇಟೆಂಟ್ ಹಕ್ಕೇನೂ ಹುಟ್ಟಲ್ಲ. ಒಂದೇ ವಿಷ್ಯ ಇಬ್ರು ಬೇರೆ ಬೇರೆ ಕಂಡುಹಿಡಿದ್ರೆ ಯಾರು ಮೊದ್ಲು ಅರ್ಜಿ ಹಾಕಿದ್ರು ಅನ್ನೋದೇ ಲೆಕ್ಕ. ಅದಕ್ಕೇ ಪ್ರಾವಿಷನಲ್ ಅರ್ಜಿ ಅಂತ ಇರೋದು, ಮಷಿನ್ ಪೂರ್ತಿ ಆಗ್ದೇ ಇದ್ರೂ ಡ್ರಾಯಿಂಗ್ ಸಮೇತ ಬರೆದು ಹಾಕಿ ತಾರೀಖು ಹಿಡಿದಿಡ್ಬಹುದು, ಆಮೇಲೆ 12 ತಿಂಗಳೊಳಗೆ ಕಂಪ್ಲೀಟ್ ಸ್ಪೆಸಿಫಿಕೇಷನ್, ಅಂದ್ರೆ ಪೂರ್ತಿ ವಿವರಣೆ ಹಾಕ್ಲೇಬೇಕು, ತಪ್ಪಿದ್ರೆ ಅರ್ಜಿ ಸತ್ತ ಹಾಗೆ. ಪ್ರಾವಿಷನಲ್‌ನಲ್ಲಿ ಬರೀದೇ ಇದ್ದಿದ್ದನ್ನ ಆಮೇಲೆ ಸೇರ್ಸಿದ್ರೆ ಅದಕ್ಕೆ ಹಳೇ ತಾರೀಖು ಸಿಗಲ್ಲ, ಹಾಗಾಗಿ ಒಂದೇ ಪುಟ ಗೀಚಿ ಹಾಕ್ಬೇಡಿ.

ಸರ್ಕಾರಿ ಫೀಸು ನೀವಂದ್ಕೊಂಡಷ್ಟಿಲ್ಲ. ಆನ್‌ಲೈನ್‌ನಲ್ಲಿ ವ್ಯಕ್ತಿ ಹೆಸರಲ್ಲಿ ಅರ್ಜಿಗೆ 1600 ರೂಪಾಯಿ, ಪರೀಕ್ಷೆ ಮಾಡಿ ಅಂತ ಕೇಳೋಕೆ 4000. ಇದು 30 ಪುಟ, 10 ಕ್ಲೇಮ್‌ವರೆಗೆ. ಪರೀಕ್ಷೆಗೆ ಅವರಾಗೇ ತಗೊಳ್ಳಲ್ಲ, 31 ತಿಂಗಳೊಳಗೆ ನೀವೇ ಕೇಳ್ಬೇಕು, ಇದನ್ನ ಮರೆತು ಕಳ್ಕೊಂಡೋರು ತುಂಬಾ ಜನ. ಖರ್ಚು ಜಾಸ್ತಿ ಆಗೋದು ಬರೆಸೋಕೆ. ಏಜೆಂಟ್ ಇಲ್ದೆ ನೀವೇ ಹಾಕ್ಬಹುದು, ಕಾಯ್ದೆ ಬೇಡ ಅನ್ನಲ್ಲ, ಆದ್ರೆ ಕ್ಲೇಮ್ ಭಾಗವನ್ನಾದ್ರೂ ಒಬ್ಬ ಏಜೆಂಟ್‌ಗೆ ತೋರ್ಸಿ. ನಮ್ಮ ರಾಜ್ಯದ ಅರ್ಜಿಗಳು ಚೆನ್ನೈ ಪೇಟೆಂಟ್ ಆಫೀಸಿಗೆ ಹೋಗ್ತವೆ, ಆದ್ರೆ ಮೊದಲ ಮಾಹಿತಿಗೆ ಬೆಂಗಳೂರಲ್ಲೇ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಪೇಟೆಂಟ್ ಮಾಹಿತಿ ಕೇಂದ್ರ ಇದೆ, ಐಐಎಸ್‌ಸಿ ಕ್ಯಾಂಪಸ್‌ನಲ್ಲಿ.

ಪ್ರಶ್ನೆ: ನಮ್ಮಜ್ಜಿ ಮಾಡ್ತಿದ್ದ ಗಾಯದ ಮುಲಾಮು, ಅರಿಶಿನ ಮತ್ತೆ ಎರಡು ಸೊಪ್ಪು ಹಾಕಿ. ಪೇಟೆಂಟ್ ತಗೋಬಹುದಾ?

ಉತ್ತರ: ಅಜ್ಜಿ ಮಾಡ್ತಿದ್ದ ಹಾಗೇ ಅಂದ್ರೆ ಇಲ್ಲ. ಪಾರಂಪರಿಕ ಜ್ಞಾನ ಆವಿಷ್ಕಾರ ಅಲ್ಲ ಅಂತ 3ನೇ ಸೆಕ್ಷನ್‌ನಲ್ಲೇ ಇದೆ. ಗಾಯಕ್ಕೆ ಅರಿಶಿನ ಅಂತ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟಿದ್ರು, ನಮ್ಮ ಕೇಂದ್ರ ಸರ್ಕಾರದ ವಿಜ್ಞಾನ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್ ಹಳೇ ಗ್ರಂಥ, ಹಳೇ ಲೇಖನ ಎಲ್ಲಾ ಮುಂದಿಟ್ಟು 1997ರಲ್ಲಿ ರದ್ದು ಮಾಡಿಸ್ತು. ಆಗ ಚಪ್ಪಾಳೆ ಹೊಡೆದ ನಾವೇ ಈಗ ಅಜ್ಜಿ ಮುಲಾಮು ತಗೊಂಡು ಹೋದ್ರೆ ಹೇಗೆ! ಬ್ರ್ಯಾಂಡ್ ಹೆಸರಿಗೆ ಟ್ರೇಡ್‌ಮಾರ್ಕ್ ಮಾಡಿಸಿ. ಮಾರೋಕೆ ಲೈಸೆನ್ಸ್ ಬೇರೆ ಬೇಕು.

ಪ್ರಶ್ನೆ: ಬೆಂಗಳೂರಿನ ಸಾಫ್ಟ್‌ವೇರ್ ಕಂಪನೀಲಿದೀನಿ. ವೀಕೆಂಡಲ್ಲಿ ಮನೇಲಿ ಕೂತು ಒಂದು ಆ್ಯಪ್ ಮಾಡಿದೀನಿ. ಪೇಟೆಂಟ್ ಯಾರ ಹೆಸ್ರಿಗೆ?

ಉತ್ತರ: ನೌಕರನ ಆವಿಷ್ಕಾರ ಮಾಲೀಕಂದು ಅಂತ ನಮ್ಮ ಪೇಟೆಂಟ್ ಕಾಯ್ದೇಲಿ ಎಲ್ಲೂ ಇಲ್ಲ, ಅದೆಲ್ಲಾ ಇರೋದು ನೀವು ಕೆಲ್ಸಕ್ಕೆ ಸೇರಿದ ದಿನ ಓದ್ದೆ ಸೈನ್ ಹಾಕಿದ ಅಗ್ರಿಮೆಂಟ್‌ನಲ್ಲಿ. ಅದನ್ನ ಹುಡುಕಿ ತೆಗೀರಿ. ಆಫೀಸ್ ಲ್ಯಾಪ್‌ಟಾಪ್ ಮುಟ್ಟಿದ್ರಾ, ಆ್ಯಪ್ ಕಂಪನಿ ವ್ಯವಹಾರಕ್ಕೆ ಹತ್ರದ್ದಾ, ಇವೆರಡೇ ಜಗಳದ ಮೂಲ. ಹಕ್ಕು ಕಂಪನಿಗೆ ಹೋದ್ರೂ ಆವಿಷ್ಕಾರ ಮಾಡಿದೋರು ಅಂತ ನಿಮ್ಮ ಹೆಸ್ರು ಬರ್ಬೇಕು, ಅದನ್ನ ಬಿಡ್ಬೇಡಿ.

ಆದ್ರೆ ಅದಕ್ಕೂ ಮುಂಚಿನ ತೊಡಕು, ಬರೀ ಕಂಪ್ಯೂಟರ್ ಪ್ರೋಗ್ರಾಮ್, ಅಲ್ಗಾರಿದಮ್, ವ್ಯಾಪಾರದ ವಿಧಾನ ಇವಕ್ಕೆ ಇಲ್ಲಿ ಪೇಟೆಂಟ್ ಇಲ್ಲ. ಆ್ಯಪ್‌ನಿಂದ ಫೋನ್ ಬ್ಯಾಟರಿ ಕಮ್ಮಿ ಖರ್ಚಾಗತ್ತೆ, ಸಿಗ್ನಲ್ ಇಲ್ಲದ ಕಡೆನೂ ಡೇಟಾ ಹೋಗತ್ತೆ, ಇಂಥ ತಾಂತ್ರಿಕ ಪರಿಣಾಮ ಇದ್ರೆ ಕೇಳ್ಬಹುದು. ಆಟೋ ಬುಕ್ ಮಾಡೋ ಹೊಸ ಸ್ಕೀಮ್ ಅಷ್ಟೇ ಆದ್ರೆ ದುಡ್ಡು ಉಳಿಸ್ಕೊಳಿ.

ಪ್ರಶ್ನೆ: ವರ್ಲ್ಡ್ ಪೇಟೆಂಟ್ ತಗೊಂಡ್ರೆ ಎಲ್ಲಾ ದೇಶಕ್ಕೂ ಆಗತ್ತಲ್ವಾ? ಸೀದಾ ಅಮೆರಿಕದಲ್ಲೇ ಹಾಕೋಣ ಅಂತಿದೀನಿ.

ಉತ್ತರ: ವರ್ಲ್ಡ್ ಪೇಟೆಂಟ್ ಅನ್ನೋದೇ ಇಲ್ಲ, ಕೊಡಿಸ್ತೀನಿ ಅಂದೋರ ಹತ್ರ ದುಡ್ಡು ಕೊಡ್ಬೇಡಿ. ಪಿಸಿಟಿ (ದೇಶಗಳ ನಡುವಿನ ಪೇಟೆಂಟ್ ಸಹಕಾರ ಒಪ್ಪಂದ) ಅಂತ ಇರೋದು ಒಂದೇ ಅರ್ಜಿಯಿಂದ ಟೈಮ್ ತಗೊಳ್ಳೋ ದಾರಿ, ಕೊನೆಗೆ ಬೇಕಾದ ದೇಶಕ್ಕೆಲ್ಲಾ ಬೇರೆ ಬೇರೆ ಹೋಗ್ಲೇಬೇಕು. ಮತ್ತೆ ಸೀದಾ ಅಮೆರಿಕ ಅಂದ್ರಲ್ಲ, ಅಲ್ಲಿ ನಿಲ್ಲಿ. ಇಲ್ಲಿ ವಾಸ ಇರೋರು ಮೊದ್ಲು ಇಲ್ಲಿ ಅರ್ಜಿ ಹಾಕಿ ಆರು ವಾರ ಕಾಯ್ಬೇಕು, ಇಲ್ಲಾ ಪೇಟೆಂಟ್ ಆಫೀಸಿಂದ ಲಿಖಿತ ಅನುಮತಿ ತಗೋಬೇಕು. ಅದಿಲ್ದೆ ಹೊರಗೆ ಹಾಕಿದ್ರೆ ಇಲ್ಲಿನ ಅರ್ಜಿನೂ ಹೋಗತ್ತೆ, ಕೇಸೂ ಬೀಳತ್ತೆ. ಇಲ್ಲಿ ಹಾಕಿದ ತಾರೀಖಿಂದ 12 ತಿಂಗಳು ಅಮೆರಿಕಕ್ಕೂ ನಿಮಗೆ ಅದೇ ತಾರೀಖು ಸಿಗತ್ತೆ, ಅವಸರ ಬೇಡ.